ಕನ್ನಡಿ ಗಾಡಿ

ರೈಲು ತೊಳೆಯುವ ಯಾರ್ಡಿನಲ್ಲಿ ನಾವು ಗಾಡಿಗಳನ್ನು ನಂಬರಿನಿಂದ ಕರೆಯುವುದಿಲ್ಲ. ಕಸದಿಂದ ಕರೆಯುತ್ತೇವೆ. ಬೆಳಗಿನ ಮೊದಲನೆಯದು ಕೂದಲ ಗಾಡಿ. ಕಾರ್ಖಾನೆಗೆ ಹೋಗುವ ಹೆಂಗಸರಿಗೆ ಮನೆಯಲ್ಲಿ ತಲೆ ಬಾಚಿಕೊಳ್ಳಲು ಪುರುಸೊತ್ತಿರುವುದಿಲ್ಲ, ಗಾಡಿಯಲ್ಲಿ ಬಾಚಿಕೊಳ್ಳುತ್ತಾರೆ. ಸೀಟಿನ ಕೆಳಗೆ ಕೂದಲು ಉಂಡೆಯಾಗಿ ಉರುಳುತ್ತಿರುತ್ತದೆ. ಅದರ ಹಿಂದೆ ತರಕಾರಿ ಮಾರುಕಟ್ಟೆಯವರ ಸಿಪ್ಪೆ ಗಾಡಿ. ಆಮೇಲೆ ಮಣ್ಣಿನ ಗಾಡಿ. ಅದು ಬಂತೆಂದರೆ ಯಾರ್ಡಿನ ಹೆಂಗಸರೆಲ್ಲ ಮುಖ ಸಿಂಡರಿಸುತ್ತಾರೆ. ಮಣ್ಣು ಗುಡಿಸಿದರೆ ಏಳುವುದಿಲ್ಲ, ನೀರು ಹಾಕಿದರೆ ಕೆಸರಾಗುತ್ತದೆ. ಮೊಣಕಾಲೂರಿ ತಗಡಿನಲ್ಲಿ ಕೆರೆಯಬೇಕು. ಇವರ ಮನೆಯಲ್ಲಿ ಕಾಲು ತೊಳೆಯಲು ನೀರಿಲ್ಲವೇ ಎಂದು ನಾನು ಆ ಗಾಡಿಯವರನ್ನು ಬೈಯದ ದಿನವಿಲ್ಲ.

ಮಧ್ಯಾಹ್ನ ಬರುವುದು ಕನ್ನಡಿ ಗಾಡಿ. ಲೈನಿನ ಆ ತುದಿಯ ಕೊನೆಯ ಸ್ಟೇಷನ್ನಿನವರಿಗೆಂದೇ ಇರುವ ಗಾಡಿ ಅದು, ನಡುವೆ ಎಲ್ಲೂ ನಿಲ್ಲುವುದಿಲ್ಲ. ಅವರನ್ನು ಅಲ್ಲಿ ಇಳಿಸಿ, ಸ್ವಲ್ಪ ಹೊತ್ತು ನಿಂತು, ಖಾಲಿಯಾಗಿ ಯಾರ್ಡಿಗೆ ಬರುತ್ತದೆ. ಬಾಗಿಲು ತೆಗೆದರೆ ಒಂದು ಚೂರು ಕಾಗದ ಇರುವುದಿಲ್ಲ, ಒಂದು ಸಿಪ್ಪೆ ಇರುವುದಿಲ್ಲ. ಒದ್ದೆ ಬಟ್ಟೆ ಆಡಿಸಿದರೆ ಮುಗಿಯಿತು. ಅದಕ್ಕೇ ಆ ಗಾಡಿಯನ್ನು ಬಸುರಿಯರಿಗೆ, ವಯಸ್ಸಾದವರಿಗೆ, ಜ್ವರ ಬಂದವರಿಗೆ ಬಿಟ್ಟುಕೊಡುತ್ತಿದ್ದೆವು.

ನನ್ನ ಅತ್ತೆ ಸೇವೆಯ ಕೊನೆಯ ವರ್ಷಗಳಲ್ಲಿ ಆ ಗಾಡಿಯನ್ನೇ ಒರೆಸಿದರು. ಮುಚ್ಚಿದ ಪಾಯಖಾನೆಗಳಲ್ಲಿ ಆಸಿಡ್ ಸುರಿದು ಉಜ್ಜಿ ಉಜ್ಜಿ ಅವರ ಎದೆ ಸುಟ್ಟುಹೋಗಿತ್ತು. ನಾಲ್ಕು ಹೆಜ್ಜೆ ನಡೆದರೆ ನಿಲ್ಲಬೇಕು. ಕನ್ನಡಿ ಗಾಡಿ ಮುಗಿಸಿ ಇಳಿಯುವಾಗ ಅದರ ಬಾಗಿಲು ಮುಟ್ಟಿ, "ಈ ಜನದ ಹೊಟ್ಟೆ ತಣ್ಣಗಿರಲಿ," ಎನ್ನುತ್ತಿದ್ದರು. ದಿನಾ. ಕೆಲಸ ಬಿಟ್ಟ ಮೇಲೂ ನಾನು ಮನೆಗೆ ಬಂದರೆ ಕೇಳುತ್ತಿದ್ದರು, "ಕನ್ನಡಿ ಹೇಗಿತ್ತೇ ಇವತ್ತು?" ಮೊಮ್ಮಗಳು ಅನ್ನ ಚೆಲ್ಲಿದರೆ, "ಕನ್ನಡಿ ಗಾಡಿ ಮಕ್ಕಳು ಹೀಗೆ ಚೆಲ್ತಾರಾ?" ಎಂದು ಗದರುತ್ತಿದ್ದರು.

ಯಾರ್ಡಿನ ಹಿಂದಿನ ತಗಡಿನ ಸಾಲು ಮನೆಗಳಲ್ಲಿ ನಾವಿದ್ದೆವು. ಹೊಸ ಹಳಿ ಹಾಕಲು ಆ ಜಾಗ ಬೇಕಾಯಿತು. ಯಾರೋ ಬಂದು ಗೋಡೆಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದರು. ನಮ್ಮನ್ನು ಒಂದು ಮಾತು ಕೇಳಲಿಲ್ಲ. ಗೋಡೆಯನ್ನಾದರೂ ಮುಟ್ಟಿ ನೋಡಿದರು.

ಆಸ್ಪತ್ರೆಯ ಡಾಕ್ಟರ್ ಅತ್ತೆಯ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ ಹೇಳಿದ್ದರು: "ಗಾಳಿ ಆಡೋ ಮನೆ ನೋಡಿ. ದೊಡ್ಡ ಕಿಟಕಿ ಇರ್ಬೇಕು, ಮೆಟ್ಟಿಲು ಇರಬಾರದು. ಔಷಧಿಗಿಂತ ಇವರಿಗೆ ಅದೇ ಮುಖ್ಯ." ಹಾಗಾಗಿ ನಮಗೆ ಬೇಕಾಗಿದ್ದು ಇಷ್ಟೇ. ಮೊದಲ ಗಾಡಿ ಹಿಡಿದು ಯಾರ್ಡಿಗೆ ಹೊತ್ತಿಗೆ ಸರಿಯಾಗಿ ಮುಟ್ಟುವಂಥ ಒಂದು ಜಾಗ, ಅಲ್ಲೊಂದು ಕಿಟಕಿ.

"ಮಣ್ಣಿನ ಸ್ಟೇಷನ್ ಹತ್ರ ನೋಡೋಣ," ಎಂದ ಗಂಡ. ಅವನೂ ಯಾರ್ಡಿನವನೇ. ಬೋಗಿಗಳ ಕೆಳಗೆ ಮಲಗಿ ಪಾಯಖಾನೆಯ ಟ್ಯಾಂಕು ತೊಳೆಯುತ್ತಾನೆ. "ಅಲ್ಲಿ ನಮ್ಮಂಥವರೇ ಇರ್ತಾರೆ. ಯಾರೂ ಏನೂ ಕೇಳಲ್ಲ."

"ನಾನು ಬರಲ್ಲ," ಎಂದೆ. "ಹಗಲೆಲ್ಲ ಅವರ ಮಣ್ಣು ಕೆರೆದು ರಾತ್ರಿ ಹೋಗಿ ಅದೇ ಮಣ್ಣಲ್ಲಿ ಮಲಗ್ಲಾ?"

"ಸರಿ, ಸಿಪ್ಪೆ ಸ್ಟೇಷನ್."

"ಅಲ್ಲಿ ನೊಣಗಳ ಜೊತೆ ಸಂಸಾರ ಮಾಡ್ಬೇಕು."

"ನಿನಗೆ ಗಂಡು ಹುಡುಕುವಾಗಲೂ ನಿಮ್ಮನೆಯವರು ಇಷ್ಟೇ ಆರಿಸಿದ್ರಾ?"

"ಆರಿಸಿದ್ರೆ ನೀವ್ಯಾಕೆ ಸಿಗ್ತಿದ್ರಿ?"

ಅತ್ತೆ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವವರೆಗೆ ನಾನು ಅವರ ಬೆನ್ನು ನೀವಿದೆ. ಆಮೇಲೆ ಅವರು ಹೇಳಿದರು: "ಕೊನೇ ಸ್ಟೇಷನ್ ನೋಡೋಣಪ್ಪ. ಗಾಡಿ ಅಲ್ಲಿಂದಲೇ ಹೊರಡುತ್ತೆ. ನಿಮಗೆ ಕೂರೋಕೆ ಜಾಗ ಸಿಗುತ್ತೆ, ನಿಂತು ನಿಂತು ಸಾಯೋದು ತಪ್ಪುತ್ತೆ."

"ಅಮ್ಮ, ಅವರು ನಮಗೆಲ್ಲ ಮನೆ ಕೊಡ್ತಾರಾ?"

"ನೀನು ಗಾಡಿ ಕೆಳಗಿರೋನು, ನಿನಗೇನು ಗೊತ್ತು? ನಾನು ಅವರು ಕೂತ ಜಾಗ ನೋಡಿದೀನಿ. ಒಂದು ಸೀಟನ್ನೂ ಕೊಳಕು ಮಾಡದ ಜನ, ಮನುಷ್ಯರ ಮನಸ್ಸು ನೋಯಿಸ್ತಾರಾ?"

ನನಗೆ ಈ ಮಾತು ಸರಿಯೆನಿಸಿತು. ನಮ್ಮಂಥವರಿಗೆ ಜನರನ್ನು ಅಳೆಯಲು ಬೇರೆ ಅಳತೆ ಯಾವುದಿದೆ? ಅವರ ಮುಖ ನಾವು ನೋಡುವುದಿಲ್ಲ. ಅವರು ಬಿಟ್ಟುಹೋದದ್ದನ್ನು ನೋಡುತ್ತೇವೆ.

ನನ್ನ ವಾರದ ರಜೆಯ ದಿನ ನಾನೂ ಅತ್ತೆಯೂ ಹೊರಟೆವು. ಗಂಡನಿಗೆ ರಜೆ ಸಿಗಲಿಲ್ಲ. ಬೆಳಿಗ್ಗೆ ಎದ್ದು ಕೈಗಳನ್ನು ಸೋಪಿನಲ್ಲಿ ತಿಕ್ಕಿದೆ, ಮತ್ತೆ ತಿಕ್ಕಿದೆ. ಎಷ್ಟು ತಿಕ್ಕಿದರೂ ಉಗುರಿನ ಬುಡದಲ್ಲಿ ಫಿನಾಯಿಲ್ ವಾಸನೆ ಉಳಿಯುತ್ತದೆ. ಅತ್ತೆ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಹೊಸ ಬಟ್ಟೆ ಉಟ್ಟರು. ಎಲ್ಲ ಕಡೆ ನಿಲ್ಲುವ ನಿಧಾನದ ಗಾಡಿ ಹಿಡಿದೆವು. ಇಳಿಯುವಾಗ ಅತ್ತೆ ತಾವು ಕೂತಿದ್ದ ಸೀಟನ್ನು ಅಂಗೈಯಿಂದ ಒರೆಸಿದರು. ಯಾವ ಗಾಡಿಯಲ್ಲಿ ಕೂತರೂ ಅವರು ಹಾಗೆಯೇ. ಎದುರಿಗೆ ಕೂತವನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದ.

ಆ ಬಡಾವಣೆ ಗಾಡಿಯಷ್ಟೇ ಚೊಕ್ಕವಾಗಿತ್ತು. ಸ್ಟೇಷನ್ನಿಗೆ ಅಂಟಿಕೊಂಡು ಒಂದು ಪಾರ್ಕು, ಅದರಾಚೆ ಮನೆಗಳ ಸಾಲು. ಅತ್ತೆಗೆ ಉಸಿರು ಹತ್ತಿ ಒಂದು ಬೆಂಚಿನ ಕಡೆ ಹೋದರು. ಬೆಂಚಿನ ಬೆನ್ನಿಗೆ 'ಬಡಾವಣೆ ಸಂಘದ ಸದಸ್ಯರಿಗೆ ಮಾತ್ರ' ಎಂದು ಬರೆದಿತ್ತು. ನಾನು ಓದಿ ಹೇಳಿದೆ. "ಇರಲಿ ಬಿಡು, ಮನೆ ಸಿಕ್ಕಿದ ಮೇಲೆ ಸದಸ್ಯರಾಗಿ ಕೂರೋಣ," ಎಂದು ನಕ್ಕರು. ನಿಂತೇ ಸುಧಾರಿಸಿಕೊಂಡರು.

ಪಾರ್ಕಿನ ಎದುರಿನ ಒಂದು ಗೇಟಿನ ಮೇಲೆ 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ತೂಗುತ್ತಿತ್ತು. ಯಜಮಾನಿ ಬಂದು ನಗುನಗುತ್ತ ಬಾಗಿಲು ತೆಗೆದರು. ನೆಲಮಹಡಿ. ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಗೋಡೆಯ ಅರ್ಧದಷ್ಟಿರುವ ಕಿಟಕಿ, ಅದರಾಚೆ ಪಾರ್ಕು. ಬಾಗಿಲು ತೆಗೆದ ಕೂಡಲೇ ಗಾಳಿ ಒಳಗೆ ಬಂದು ಅತ್ತೆಯ ತಲೆಕೂದಲು ಹಾರಿಸಿತು. ಅತ್ತೆ ಕಣ್ಣು ಮುಚ್ಚಿಕೊಂಡರು.

"ಎಲ್ಲಿ ಕೆಲಸ ನಿಮಗೆ?" ಎಂದು ಯಜಮಾನಿ ಕೇಳಿದರು.

"ರೈಲ್ವೆಯಲ್ಲಿ," ಎಂದೆ.

"ಒಳ್ಳೇದಾಯ್ತು ನೋಡಿ. ನಮಗೂ ಸಂಬಳದವರೇ ಬೇಕಿತ್ತು."

ಅಷ್ಟಕ್ಕೇ ನಿಂತಿದ್ದರೆ ಏನಾಗುತ್ತಿತ್ತೋ. ಅತ್ತೆಗೆ ಸುಮ್ಮನಿರಲಾಗಲಿಲ್ಲ. ಇಷ್ಟು ವರ್ಷ ಮನಸ್ಸಿನಲ್ಲಿ ಹರಸಿದ ಜನರಲ್ಲಿ ಒಬ್ಬರು ಎದುರಿಗೆ ಸಿಕ್ಕಿದ್ದರು. "ನಿಮ್ಮ ಗಾಡಿ ನಾವೇ ತೊಳೆಯೋದು ಅಮ್ಮ," ಎಂದರು. "ಮೊದಲು ನಾನು, ಈಗ ಇವಳು. ನಿಮ್ಮವರಷ್ಟು ಚೊಕ್ಕ ಜನ ಇಡೀ ಲೈನಿನಲ್ಲಿ ಇಲ್ಲ. ನಾವು ಅದಕ್ಕೆ ಕನ್ನಡಿ ಗಾಡಿ ಅಂತಲೇ ಹೆಸರಿಟ್ಟಿದೀವಿ."

ಯಜಮಾನಿಯ ಮುಖದಲ್ಲಿ ನಗು ಹಾಗೆಯೇ ಇತ್ತು. ಕಾಲು ಮಾತ್ರ ಹಿಂದಕ್ಕೆ ಹೋಯಿತು. "ತೊಳೆಯೋದು ಅಂದ್ರೆ, ಪಾಯಖಾನೆನೂನಾ?"

"ಎಲ್ಲಾನೂ," ಎಂದರು ಅತ್ತೆ ಹೆಮ್ಮೆಯಿಂದ.

ಯಜಮಾನಿ ಪಾಯಖಾನೆಯ ಬಾಗಿಲ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ನೀವು ಹೋಗಿ ನೀನು ಆಗಿತ್ತು. "ಹಾಗಾದ್ರೆ ಒಂದು ಕೆಲಸ ಮಾಡು. ಹಿಂದೆ ಇದ್ದವರು ಹೋದಾಗಿಂದ ಪಾಯಖಾನೆ ಕಟ್ಟಿಕೊಂಡಿದೆ. ಕರೆದ್ರೆ ಯಾರೂ ಬರ್ತಿಲ್ಲ. ನಿನಗೆ ಹೇಗಿದ್ರೂ ಅಭ್ಯಾಸ ಇದೆಯಲ್ಲ. ಅದನ್ನೊಂದು ಸರಿ ಮಾಡ್ಬಿಡು, ಆಮೇಲೆ ಬಾಡಿಗೆ ಮಾತಾಡೋಣ."

ನಾನು ಬಾಯಿ ತೆಗೆಯುವುದರೊಳಗೆ ಅತ್ತೆ ರವಿಕೆಯ ತೋಳು ಮೇಲಕ್ಕೆ ಮಡಿಸುತ್ತಿದ್ದರು. ಹೊಸ ಬಟ್ಟೆ ಉಟ್ಟವರು, ನಾಲ್ಕು ಹೆಜ್ಜೆ ನಡೆಯಲಾಗದವರು. ಹೇಳಿದ ಕೂಡಲೇ ಆ ಕೈ ತಾನಾಗಿ ಎದ್ದಿತು. ನಾನು ಅದನ್ನು ಹಿಡಿದು ಕೆಳಗಿಳಿಸಿದೆ. "ನೀವು ಕಿಟಕಿ ಹತ್ರ ಇರಿ ಅತ್ತೆ," ಎಂದು ನಾನು ಒಳಗೆ ಹೋದೆ.

ಪೊರಕೆ ಇರಲಿಲ್ಲ, ಕೋಲು ಇರಲಿಲ್ಲ, ಕೈಗವಸು ಇರಲಿಲ್ಲ. ಮೊಣಕೈವರೆಗೆ ಕೈ ಹಾಕಿದೆ. ಯಾವುದೋ ಮಗುವಿಗೆ ಕಟ್ಟಿದ ಬಟ್ಟೆ, ಕೂದಲು, ಇನ್ನೂ ಏನೇನೋ. ಹಿಡಿದು ಎಳೆದೆ. ವಾಂತಿ ಬಂದದ್ದನ್ನು ನುಂಗಿದೆ. ಕಿಟಕಿ, ಕಿಟಕಿ ಎಂದುಕೊಳ್ಳುತ್ತ ಎಳೆದೆ. ನೀರು ಗಳಗಳನೆ ಇಳಿದುಹೋದಾಗ ಹೊರಗೆ ಬಂದೆ. ಅಷ್ಟು ಹೊತ್ತೂ ಅತ್ತೆ ಆ ಕಿಟಕಿಯ ಸರಳು ಹಿಡಿದುಕೊಂಡು ನಿಂತು ಉಸಿರಾಡುತ್ತಿದ್ದರು. ಅವರಿಗೆ ಒಂದು ಸಲವೂ ಕೆಮ್ಮು ಬಂದಿರಲಿಲ್ಲ.

ಯಜಮಾನಿ ನನಗೆ ಗೇಟಿನ ಪಕ್ಕದ ನಲ್ಲಿ ತೋರಿಸಿದರು. ಗಿಡಗಳಿಗೆ ನೀರು ಬಿಡುವ ನಲ್ಲಿ. ಸೋಪು ಕೊಡಲಿಲ್ಲ. ನಾನು ಕೈ ತೊಳೆಯುತ್ತಿದ್ದಾಗ ಅವರು ಹೊಸ್ತಿಲಲ್ಲಿ ನಿಂತೇ ಹೇಳಿದರು: "ಸಂಘದವರನ್ನ ಒಂದು ಮಾತು ಕೇಳ್ಬೇಕು. ಅವರು ಒಪ್ಪೋದು ಕಷ್ಟ. ನೀವು ಬೇರೆ ಕಡೆನೂ ನೋಡ್ತಿರಿ."

"ನಾವು ಹಿಂದಿನ ಬಾಗಿಲಿಂದ ಓಡಾಡ್ತೀವಮ್ಮ," ಎಂದರು ಅತ್ತೆ. "ಕೆಲಸದ ಬಟ್ಟೆ ಸ್ಟೇಷನ್ನಲ್ಲೇ ಬದಲಾಯಿಸ್ಕೊಂಡು ಬರ್ತೀವಿ. ಯಾರಿಗೂ ಗೊತ್ತಾಗಲ್ಲ."

"ನನಗೇನೂ ಇಲ್ಲಮ್ಮ. ಅಕ್ಕಪಕ್ಕದವರು ಇರ್ತಾರಲ್ಲ."

ಗೇಟು ಮುಚ್ಚಿತು. ಒದೆಯಬೇಕೆನಿಸಿತು. ಕೂಗಬೇಕೆನಿಸಿತು. ಎರಡನ್ನೂ ಮಾಡಲಿಲ್ಲ. ಅತ್ತೆಯ ಕಣ್ಣು ಇನ್ನೂ ಆ ಕಿಟಕಿಯ ಮೇಲೆಯೇ ಇತ್ತು. ಸಂಘದವರು ಒಪ್ಪಿಬಿಟ್ಟರೆ ಎಂದು ಅವರು ಆಗಲೂ ಯೋಚಿಸುತ್ತಿದ್ದರು. ಆ ಆಸೆಯನ್ನು ನನ್ನ ಬಾಯಿಂದ ಕೆಡಿಸಲು ಮನಸ್ಸಾಗಲಿಲ್ಲ.

ಸ್ಟೇಷನ್ನಿಗೆ ವಾಪಸು ಬಂದಾಗ ಕನ್ನಡಿ ಗಾಡಿ ಬಂದು ನಿಂತಿತ್ತು. ಜನ ಇಳಿದು ಹೋಗುತ್ತಿದ್ದರು. ಕೈಚೀಲ ಹಿಡಿದ ಹೆಂಗಸರು, ಟೈ ಕಟ್ಟಿದ ಗಂಡಸರು, ಶಾಲೆಯ ಮಕ್ಕಳು. ಅತ್ತೆಯ ಮುಖ ಮತ್ತೆ ಅರಳಿತು. "ಒಂದು ಸಲ ಒಳಗೆ ಹತ್ತಿ ನೋಡ್ತೀನಿ ಕಣೇ. ಎಷ್ಟು ದಿನ ಆಯ್ತು," ಎಂದರು. ನಾನು ಕೈ ಹಿಡಿದು ಹತ್ತಿಸಿದೆ.

ನೆಲದ ತುಂಬ ಕಸವಿತ್ತು. ಕಿತ್ತಳೆ ಸಿಪ್ಪೆ, ಕಡಲೆ ಸಿಪ್ಪೆ, ತಿಂದು ಬಿಸಾಡಿದ ಪೊಟ್ಟಣ, ಚೆಲ್ಲಿದ ಚಹಾ. ಸೀಟಿನ ಮೇಲೆ ಬೂಟಿನ ಗುರುತು. ಕಿಟಕಿಯ ಕೆಳಗೆ ಯಾರೋ ಉಗುಳಿದ್ದು ಇಳಿದಿತ್ತು.

"ಇದು ನಮ್ಮ ಗಾಡಿ ಅಲ್ಲ," ಎಂದರು ಅತ್ತೆ. ಒಡೆದ ಹಿಡಿಕೆಗೆ ನಾನೇ ಸುತ್ತಿದ್ದ ಹಸಿರು ದಾರ ಬಾಗಿಲ ಪಕ್ಕದಲ್ಲೇ ಕಾಣುತ್ತಿತ್ತು.

ಆ ಕಡೆಯ ಬಾಗಿಲಿಂದ ಒಬ್ಬಳು ಹತ್ತಿದಳು. ನನ್ನ ವಯಸ್ಸಿನವಳು. ಕೈಯಲ್ಲಿ ಪೊರಕೆ, ಹೆಗಲ ಮೇಲೆ ಗೋಣಿಚೀಲ. ಯೂನಿಫಾರಂ ಇರಲಿಲ್ಲ. ನಮ್ಮನ್ನು ನೋಡಿ, "ಇಳೀರಿ ಇಳೀರಿ, ಗಾಡಿ ಹೊರಡುತ್ತೆ," ಎಂದು ಬಗ್ಗಿ ಗುಡಿಸತೊಡಗಿದಳು.

"ನೀನು ರೈಲ್ವೆಯವಳಾ?" ಎಂದು ಅತ್ತೆ ಕೇಳಿದರು.

"ನನಗೆಲ್ಲಿ ರೈಲ್ವೆ. ಸಂಘದವರು ಇಟ್ಕೊಂಡಿದ್ದಾರೆ. ಗಾಡಿ ಇಲ್ಲಿ ನಿಂತಾಗ ಅವರ ಪಾರ್ಕಿಗೆ ವಾಸನೆ ಬರುತ್ತಂತೆ."

"ಇದೆಲ್ಲ ಯಾರ ಕಸ?"

"ಇನ್ಯಾರದು? ಅವರದೇ."

"ದಿನಾ ಹೀಗೇನಾ?"

"ದಿನಾ. ನನಗಿಂತ ಮುಂಚೆ ನಮ್ಮಮ್ಮ ಗುಡಿಸ್ತಿದ್ದಳು. ಅವಳ ಸೊಂಟ ಇಲ್ಲೇ ಹೋಯ್ತು."

ಅತ್ತೆ ಸೀಟಿನ ಅಂಚಿಗೆ ಕೂತುಬಿಟ್ಟರು. ನಮ್ಮ ಪೊರಕೆಗೆ ಮುಂಚೆ ಅಲ್ಲಿ ಇನ್ನೊಂದು ಪೊರಕೆ ಬಂದು ಹೋಗುತ್ತಿತ್ತು. ಇದು ಬೇರೆಯವರಿಗೆ ಹೊಳೆಯದಿದ್ದರೆ ಸರಿ. ಪೊರಕೆ ಹಿಡಿದವರಿಗೇ ಹೊಳೆಯಲಿಲ್ಲ. ನೆಲ ಚೊಕ್ಕವಾಗಿದ್ದರೆ ಯಾರೋ ಬಗ್ಗಿದ್ದಾರೆ ಎಂದು ನಮಗಿಂತ ಚೆನ್ನಾಗಿ ಯಾರಿಗೆ ತಿಳಿದಿರಬೇಕಿತ್ತು? ಆದರೂ ನಾವು ಅದು ಆ ಜನರ ಗುಣ ಎಂದುಕೊಂಡೆವು.

ಅವಳು ಗುಡಿಸಿ ಮುಗಿಸುವವರೆಗೆ ಅತ್ತೆ ಅವಳ ಬೆನ್ನನ್ನೇ ನೋಡುತ್ತಿದ್ದರು. ಕೆಳಗಿಳಿದ ಮೇಲೆ ಅವಳ ಕೈ ಹಿಡಿದುಕೊಂಡರು. "ನಿನ್ನ ಕೈ ಚೆನ್ನಾಗಿತ್ತಮ್ಮ. ಸೀಟಿನ ಕೆಳಗಿನ ಮೂಲೆ ಕೂಡ ಬಿಡ್ತಿರಲಿಲ್ಲ. ನಾನು ದಿನಾ ಹರಸ್ತಿದ್ದೆ. ಅದೆಲ್ಲ ನಿನಗೂ ನಿಮ್ಮಮ್ಮನಿಗೂ ಸೇರ್ಬೇಕಿತ್ತು. ವಿಳಾಸ ತಪ್ಪಿ ಇವರಿಗೆ ಹೋಯ್ತು."

ಅವಳಿಗೆ ಏನೂ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಪೊರಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಕೇಳಿದಳು. ಆಮೇಲೆ ನನ್ನ ಕೈ ಮೂಸಿ ನೋಡಿ, "ಇಲ್ಲಿ ಮನೆ ಕೇಳೋಕೆ ಬಂದಿದ್ರಾ?" ಎಂದಳು. "ನಮ್ಮ ಸಾಲಲ್ಲಿ ಒಂದು ಕೋಣೆ ಖಾಲಿ ಇದೆ. ಬಂದು ನೋಡಿ."

ಅವಳ ಜೊತೆ ನಿಧಾನದ ಗಾಡಿ ಹತ್ತಿದೆವು. ಅವಳು ಇಳಿಯುವ ಸ್ಟೇಷನ್ನು ಮಣ್ಣಿನ ಸ್ಟೇಷನ್ನು. ನಾವೂ ಅವಳ ಜೊತೆ ಇಳಿದೆವು. ಆ ದಿನ ಮೊದಲ ಸಲ ಅತ್ತೆ ಸೀಟು ಒರೆಸದೆ ಇಳಿದರು.

ಆ ಸ್ಟೇಷನ್ನಿನಿಂದ ಮನೆಗಳವರೆಗೆ ರಸ್ತೆ ಎಂಬುದಿಲ್ಲ. ಅಗೆದು ಬಿಟ್ಟ ಬಯಲು, ಅದರ ಮೇಲೆ ಜನ ನಡೆದು ನಡೆದು ಆದ ದಾರಿ. ಒಣಗಿದರೆ ಧೂಳು, ಒದ್ದೆಯಾದರೆ ಕೆಸರು. ನೀರಿನ ನಲ್ಲಿಗೆ ಪಾತ್ರೆಗಳ ಸಾಲು. ಕಾಲು ತೊಳೆಯಲು ನೀರಿಲ್ಲವೇ ಎಂದು ನಾನು ಬೈದಿದ್ದೆನಲ್ಲ, ನಿಜವಾಗಿಯೂ ಇರಲಿಲ್ಲ.

ಕೋಣೆಗೆ ಕಿಟಕಿ ಇರಲಿಲ್ಲ, ಆದರೂ ಅದನ್ನೇ ಹಿಡಿದೆವು. ಗಂಡ ಗೋಡೆಯಿಂದ ಎರಡು ಇಟ್ಟಿಗೆ ತೆಗೆದು ಒಂದು ಕಿಂಡಿ ಮಾಡಿದ. ಅತ್ತೆಯ ಹಾಸಿಗೆಯನ್ನು ಅದರ ಕೆಳಗೆ ಹಾಕಿದೆವು. ಕಿಂಡಿಯಿಂದ ಗಾಳಿಗಿಂತ ಧೂಳೇ ಹೆಚ್ಚು ಬಂತು. ಪಕ್ಕದ ಕೋಣೆಯಲ್ಲಿದ್ದ ಆ ಗಾಡಿ ಗುಡಿಸುವವಳಿಗೆ ಅತ್ತೆ ಕನ್ನಡಿ ಎಂದು ಹೆಸರಿಟ್ಟರು. ದಿನಾ ಸಂಜೆ ಅವಳು ಬಂದು ಅತ್ತೆಯ ಕಾಲ ಬಳಿ ಕೂರುತ್ತಿದ್ದಳು. "ಇವತ್ತು ಏನೇನು ಬಿಸಾಡಿದ್ರೇ ನಿನ್ನ ದೊಡ್ಡ ಮನುಷ್ಯರು?" ಎಂದು ಅತ್ತೆ ಕೇಳುತ್ತಿದ್ದರು. ಅವಳು ಹೇಳುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಒಂದು ದಿನ ಅತ್ತೆ ನನ್ನೊಬ್ಬಳಿಗೇ ಹೇಳಿದರು: "ಮೋಸ ಹೋದೆ ಅಂತ ಬೇಜಾರಿಲ್ಲ ಕಣೇ. ಆ ಕಿಟಕಿ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ."

ಅವರ ಉಸಿರು ದಿನದಿಂದ ದಿನಕ್ಕೆ ಸಣ್ಣದಾಯಿತು. ನಾನು ಯಾರ್ಡಿನ ಮೇಸ್ತ್ರಿಯನ್ನು ರಜೆ ಕೇಳಿದೆ. "ಮುದುಕಿಯರು ದಿನಾ ಸಾಯ್ತಿರ್ತಾರೆ. ಸತ್ತ ಮೇಲೆ ಬಾ, ಕೊಡ್ತೀನಿ," ಎಂದ. ಮಾರನೇ ಬೆಳಿಗ್ಗೆ ಅತ್ತೆಯ ತುಟಿ ನೀಲಿಯಾಗಿತ್ತು. ನಾನು ಹೊರಡಲಾರದೆ ಬಾಗಿಲಲ್ಲಿ ನಿಂತಿದ್ದೆ.

"ನೀನು ಹೋಗು," ಎಂದಳು ಕನ್ನಡಿ. "ನಿಮ್ಮಿಬ್ಬರ ಕೆಲಸ ಹೋದ್ರೆ ಮಗು ಏನು ತಿನ್ನುತ್ತೆ? ನಾನು ಹೊತ್ತೇರಿದ ಮೇಲೆ ಹೊರಡೋದು. ಅಷ್ಟರಲ್ಲಿ ಇವರು ಸುಧಾರಿಸಿದ್ರೆ ಹೊರಡ್ತೀನಿ. ಇಲ್ಲಾಂದ್ರೆ ಬಿಟ್ಟು ಹೋಗಲ್ಲ."

ಅತ್ತೆ ಕೈ ಆಡಿಸಿ ಹೋಗು ಎಂದರು. ನಾನು ಹೋದೆ.

ಯಾರ್ಡಿನಲ್ಲಿ ನಮ್ಮ ಫೋನುಗಳನ್ನು ಮೇಸ್ತ್ರಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾನೆ. ಕೆಲಸ ಮುಗಿಯುವವರೆಗೆ ನಮಗೆ ಮನೆಯೂ ಇಲ್ಲ, ಮಂದಿಯೂ ಇಲ್ಲ. ನನ್ನ ಮುಖ ನೋಡಿದ ಹೆಂಗಸರು ಆ ದಿನ ಕನ್ನಡಿ ಗಾಡಿಯನ್ನು ನನಗೆ ಬಿಟ್ಟುಕೊಟ್ಟರು. ಮಧ್ಯಾಹ್ನ ಗಾಡಿ ಬಂದು ನಿಂತಿತು. ನಾನು ಒದ್ದೆ ಬಟ್ಟೆ ಹಿಡಿದು ಬಾಗಿಲು ತೆಗೆದೆ.

ಸಿಪ್ಪೆ. ಪೊಟ್ಟಣ. ಚೆಲ್ಲಿದ ಚಹಾ. ಸೀಟಿನ ಮೇಲೆ ಬೂಟಿನ ಗುರುತು. ಯಾರೂ ಗುಡಿಸಿರಲಿಲ್ಲ.

ಕನ್ನಡಿ ಕೆಲಸಕ್ಕೆ ಹೋಗಿರಲಿಲ್ಲ. ಅತ್ತೆಯನ್ನು ಬಿಟ್ಟು ಹೋಗಿರಲಿಲ್ಲ. ಬೆಳಗಿನ ಆ ನೀಲಿ ತುಟಿಯ ಉಸಿರು ಇಷ್ಟು ಹೊತ್ತು ಕಾದಿರುವುದಿಲ್ಲ ಎಂದು ನನಗೆ ತಿಳಿಯಿತು.

ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಕೆಳಗಿಟ್ಟೆ. ಹಿಂದಿನಿಂದ ಮೇಸ್ತ್ರಿ ಬಂದು ಒಳಗೆ ಇಣುಕಿದ. "ಇದೇನಿದು ಇವತ್ತು ಹೀಗೆ? ಬೇಗ ಗುಡಿಸು. ಸಂಜೆ ಆಫೀಸಿನವರನ್ನ ಕರ್ಕೊಂಡು ಹೋಗ್ಬೇಕು."

"ಗುಡಿಸಲ್ಲ," ಎಂದೆ.

"ಏನಂದೆ?"

"ಇದು ಅವರ ಕಸ. ಅವರ ಗಾಡಿ. ಹೀಗೇ ಹೋಗಲಿ."

"ಕೆಲಸ ಬೇಡ್ವಾ ನಿನಗೆ?"

"ಸತ್ತ ಮೇಲೆ ಬಾ ಅಂದಿದ್ರಲ್ಲ. ಸತ್ತಿದ್ದಾರೆ. ಬಂದಿದೀನಿ. ಬೀಗ ತೆಗೀರಿ."

ಅವನು ಪಕ್ಕದಲ್ಲಿದ್ದವಳಿಗೆ ಪೊರಕೆ ತೋರಿಸಿದ. ಯಾರ್ಡಿಗೆಲ್ಲ ಹಿರಿಯಳು ಅವಳು, ಅತ್ತೆಯ ಜೊತೆ ಕೆಲಸಕ್ಕೆ ಸೇರಿದವಳು. ಅವಳು ಪೊರಕೆ ತೆಗೆದುಕೊಂಡು, ಗಾಡಿ ಹತ್ತದೆ, ಅದನ್ನು ಗೋಡೆಗೆ ಒರಗಿಸಿಟ್ಟಳು. ಆಮೇಲೆ ಗಾಡಿಯ ಬಾಗಿಲನ್ನು ಮೆಲ್ಲಗೆ ಎಳೆದು ಮುಚ್ಚಿದಳು. ಬೇರೆ ಯಾರೂ ಮುಂದೆ ಬರಲಿಲ್ಲ. ಮೇಸ್ತ್ರಿ ಕೂಗಾಡಿದ. ಕೂಗಾಡಲಿ.

ಗಂಡ ಎರಡು ಬೋಗಿ ಆಚೆ ಹಳಿಗಳ ನಡುವೆ ಮಲಗಿ ತೊಳೆಯುತ್ತಿದ್ದ. ನಾನು ಬಗ್ಗಿ ಕರೆದೆ. ಮೈಯೆಲ್ಲ ಒದ್ದೆಯಾಗಿ ಈಚೆ ಬಂದ. "ಕನ್ನಡಿ ಗಾಡಿ ಗಲೀಜಾಗಿದೆ," ಎಂದೆ. ಅಷ್ಟೇ ಹೇಳಿದೆ. ಅವನು ಆ ಗಾಡಿಯ ಕಡೆ ನೋಡಿ, ನನ್ನನ್ನು ನೋಡಿ, ಕೈಗವಸು ಕಳಚಿದ. ಆಮೇಲೆ ಹಳಿಯ ಮೇಲೆ ಕೂತು ಮಗುವಿನ ಹಾಗೆ ಅತ್ತ.

ಕನ್ನಡಿ ಗಾಡಿ ಗುಡಿಸದೆ ಹೋಯಿತು. ನಾವು ಮಣ್ಣಿನ ಗಾಡಿ ಹತ್ತಿದೆವು. ಕೆಲಸದ ಬಟ್ಟೆಯಲ್ಲೇ ಹತ್ತಿದೆವು. ವಾಸನೆ ಬರುತ್ತಿತ್ತು. ಕಾಲಿನ ತುಂಬ ಒಣಗಿದ ಕೆಸರಿದ್ದ ಒಬ್ಬ ಮುದುಕ ನಮ್ಮ ಮುಖ ನೋಡಿ ಸರಿದು ಜಾಗ ಕೊಟ್ಟ. ಏನಾಯಿತು ಎಂದು ಕೇಳಲಿಲ್ಲ. ನಮ್ಮ ಸ್ಟೇಷನ್ನು ಬಂದಾಗ ಎದ್ದೆ. ಕೂತಿದ್ದ ಸೀಟನ್ನು ಅಂಗೈಯಿಂದ ಒರೆಸಿದೆ. ಗಂಡನೂ ತನ್ನ ಸೀಟನ್ನು ಒರೆಸಿದ. ಆಮೇಲೆ ಇಳಿದು ಮಣ್ಣಿನಲ್ಲಿ ಮನೆಯ ಕಡೆ ನಡೆದೆವು.